ಲಾಸ್ಟ್ ಸೀನ್ ಆಫ್ ಮಾಡಿದರೆ ತಪ್ಪೇನು?

“ರಾತ್ರಿ ಹನ್ನೊಂದೂವರೆಗೆ ಆನ್‌ಲೈನ್ ಇದ್ದೆಯಲ್ಲ, ನನ್ನ ಮೆಸೇಜಿಗೆ ಯಾಕೆ ಉತ್ತರ ಕೊಡಲಿಲ್ಲ?” ಈ ಮಾತು ಕೇಳಿಬರದ ಮನೆ, ಆಫೀಸು, ಗೆಳೆಯರ ಬಳಗ ಈಗ ಕಡಿಮೆ. ಸೊಸೆಯನ್ನು ಅತ್ತೆ ಕೇಳುತ್ತಾರೆ, ಹೆಂಡತಿಯನ್ನು ಗಂಡ ಕೇಳುತ್ತಾನೆ, ಹಾಸ್ಟೆಲಿನಲ್ಲಿರುವ ಮಗಳನ್ನು ಅಪ್ಪ ಕೇಳುತ್ತಾರೆ, ನೌಕರರನ್ನು ಮ್ಯಾನೇಜರ್ ಕೇಳುತ್ತಾರೆ. ಕೇಳಿಸಿಕೊಂಡವರು ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಏನೋ ಒಂದು ಕಾರಣ ಹುಡುಕುತ್ತಾರೆ. ‘ನಿದ್ದೆ ಬರಲಿಲ್ಲ, ಸುಮ್ಮನೆ ಫೋನ್ ನೋಡುತ್ತಿದ್ದೆ, ಮಾತಾಡುವ ಮನಸ್ಸಿರಲಿಲ್ಲ’ ಎಂಬ ನಿಜ ಮಾತ್ರ ಬಾಯಿಗೆ ಬರುವುದಿಲ್ಲ.

ಖಾಸಗಿತನದ ಬಗ್ಗೆ ನಮಗೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಕಳ್ಳರ ಕುರಿತಾಗಿಯೇ ಇರುತ್ತವೆ: ಒಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ಅವು ಬೇಕೇ ಬೇಕು. ಜೊತೆಗೆ, ಯಾರೋ ನಮ್ಮನ್ನು ಸದಾ ನೋಡುತ್ತಿದ್ದಾರೆ, ಅಳೆಯುತ್ತಿದ್ದಾರೆ ಎಂಬ ಭಾವ ದಿನದಿನವೂ ಕಿತ್ತುಕೊಳ್ಳುವ ನೆಮ್ಮದಿಯ ಬಗ್ಗೆಯೂ ಯಾರಾದರೂ ಮಾತಾಡಬೇಕು. ಈ ಎರಡಕ್ಕೂ ಬೇರು ಒಂದೇ ಎಂದು ನನಗನ್ನಿಸುತ್ತದೆ. ಬಾಗಿಲು ಹಾಕಿಕೊಳ್ಳುವುದು ತಪ್ಪಲ್ಲ ಎಂಬ ಧೈರ್ಯ ಇಲ್ಲದವರಿಗೆ ಫೋನಿನ ಯಾವ ಸೆಟ್ಟಿಂಗೂ ಉಪಯೋಗಕ್ಕೆ ಬಾರದು. ತನ್ನ ಬಗ್ಗೆ ತನಗೇ ನಾಚಿಕೆ ತುಂಬಿಕೊಂಡವರನ್ನು ವಂಚಕರು ಬಲು ಸುಲಭವಾಗಿ ಹಿಡಿಯುತ್ತಾರೆ. ಹಾಗಾಗಿ ಈ ಲೇಖನದಲ್ಲಿ ಫೋನಿನ ಗುಂಡಿಗಳ ಮಾತೂ ಇದೆ, ಮನಸ್ಸಿನ ಮಾತೂ ಇದೆ.

ಖಾಸಗಿತನದ ಹಕ್ಕನ್ನು ದೇಶಕ್ಕೆ ಗಟ್ಟಿಮಾಡಿಕೊಟ್ಟ ಮೊಕದ್ದಮೆಯ ಹೆಸರಿನಲ್ಲಿ ಕರ್ನಾಟಕದವರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಖಾಸಗಿತನವೆಂಬುದು ಉಳ್ಳವರ ಚಿಂತೆ, ಬಡವರಿಗೆ ಅದರ ಅಗತ್ಯವಿಲ್ಲ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ‘ಮುಚ್ಚಿಡುವಂಥದ್ದು ಏನಿದೆ?’ ಎಂದು ಯಾರಾದರೂ ಕೇಳಿದಾಗ ನೆನಪಿಟ್ಟುಕೊಳ್ಳಬೇಕಾದ ಸಂಗತಿ ಇದು. ಮುಚ್ಚಿಡಲು ಏನಾದರೂ ಇದ್ದರೆ ಮಾತ್ರ ಬರುವ ಹಕ್ಕಲ್ಲ ಅದು, ಹುಟ್ಟಿನಿಂದಲೇ ಜೊತೆಗಿರುವಂಥದ್ದು.

ವಾಟ್ಸ್‌ಆ್ಯಪ್‌ನಿಂದ ಶುರು ಮಾಡಿ

ಹಳೆಯ ಮನೆಗಳಲ್ಲಿ ಜಗಲಿ, ನಡುಮನೆ, ಕೋಣೆ ಎಂಬ ಕ್ರಮ ಇರುತ್ತಿತ್ತು. ದಾರಿಹೋಕರು ಜಗಲಿಯ ತನಕ, ಬಂಧುಬಳಗ ನಡುಮನೆಯ ತನಕ. ಕೋಣೆಯೊಳಗೆ ಬಿಡಲಿಲ್ಲವೆಂದು ಯಾವ ನೆಂಟರೂ ಮುನಿಸಿಕೊಳ್ಳುತ್ತಿರಲಿಲ್ಲ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿರುವ ‘ಪ್ರೈವಸಿ’ ವಿಭಾಗವನ್ನು ಇದೇ ಕ್ರಮದಲ್ಲಿ ನೋಡಿದರೆ ಅರ್ಥವಾಗುತ್ತದೆ. ‘ಎವ್ರಿವನ್’ ಜಗಲಿ, ‘ಮೈ ಕಾಂಟ್ಯಾಕ್ಟ್ಸ್’ ನಡುಮನೆ, ‘ನೋಬಡಿ’ ಕೋಣೆ. ಲಾಸ್ಟ್ ಸೀನ್, ಪ್ರೊಫೈಲ್ ಫೋಟೊ, ‘ಅಬೌಟ್’ ಸಾಲು ಇವುಗಳಲ್ಲಿ ಯಾವುದು ಎಲ್ಲಿಯ ತನಕ ಎಂದು ಒಂದೊಂದಾಗಿ ನಿರ್ಧರಿಸಿ.

ಇಲ್ಲೊಂದು ಎಚ್ಚರ ಬೇಕು. ನಮ್ಮ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಬಂಧುಗಳಷ್ಟೇ ಇರುವುದಿಲ್ಲ. ಸಿಲಿಂಡರ್ ತರುವವರು, ಎಂದೋ ಮನೆ ತೋರಿಸಿದ ಬ್ರೋಕರ್, ಹಳೆಯ ಮನೆ ಮಾಲೀಕರು, ಒಮ್ಮೆ ಬಂದುಹೋದ ಕಾರ್ ಡ್ರೈವರ್ ಎಲ್ಲರೂ ಇರುತ್ತಾರೆ. ‘ಮೈ ಕಾಂಟ್ಯಾಕ್ಟ್ಸ್’ ಎಂದು ಇಟ್ಟರೆ ನಿಮ್ಮ ಮಗುವಿನ ಜೊತೆಗಿನ ಡಿಪಿ ಅವರೆಲ್ಲರಿಗೂ ಕಾಣುತ್ತದೆ. ಬೇಡದ ನಂಬರ್‌ಗಳನ್ನು ಅಳಿಸಿ. ಇಲ್ಲವಾದರೆ ‘ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್’ ಆರಿಸಿಕೊಂಡು ಯಾರಿಗೆ ಬೇಡವೋ ಅವರನ್ನು ಟಿಕ್ ಮಾಡಿ. ಅವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ.

ಲಾಸ್ಟ್ ಸೀನ್ ಇರುವ ಜಾಗದಲ್ಲೇ ಕೆಳಗೆ ‘ಆನ್‌ಲೈನ್’ ಕೂಡ ಇದೆ. ಅದನ್ನು ‘ಸೇಮ್ ಆ್ಯಸ್ ಲಾಸ್ಟ್ ಸೀನ್’ ಎಂದು ಇಡಿ. ಲಾಸ್ಟ್ ಸೀನ್ ಮುಚ್ಚಿ ಇದನ್ನು ಬಿಟ್ಟವರಿಗೆ ‘ಈಗಷ್ಟೇ ಆನ್‌ಲೈನ್ ಇದ್ದೆಯಲ್ಲ’ ಎಂಬ ಪ್ರಶ್ನೆ ತಪ್ಪುವುದಿಲ್ಲ. ನೀವು ಮುಚ್ಚಿದರೆ ಇನ್ನೊಬ್ಬರದೂ ನಿಮಗೆ ಕಾಣುವುದಿಲ್ಲ. ಇದು ನ್ಯಾಯವೇ. ನೀಲಿ ಟಿಕ್ ಆಫ್ ಮಾಡಿದರೂ ಹಾಗೆಯೇ. ಗುಂಪುಗಳಲ್ಲಿ ಮಾತ್ರ ನೀಲಿ ಟಿಕ್ ನಿಲ್ಲುವುದಿಲ್ಲ. ಅದನ್ನು ಆಫ್ ಮಾಡಿದರೆ ನಿಮ್ಮ ಸ್ಟೇಟಸ್ ಯಾರು ಯಾರು ನೋಡಿದರು ಎಂಬ ಪಟ್ಟಿಯೂ ಮರೆಯಾಗುತ್ತದೆ. ಹಲವರಿಗೆ ಇದು ನಷ್ಟವೆಂದು ತೋರಬಹುದು. ನನ್ನ ಪ್ರಕಾರ ಇದೇ ದೊಡ್ಡ ಲಾಭ. ಸ್ಟೇಟಸ್ ಹಾಕಿ ಗಳಿಗೆಗೊಮ್ಮೆ ಆ ಪಟ್ಟಿಯಲ್ಲಿ ಒಂದು ಹೆಸರಿಗಾಗಿ ಹುಡುಕುವ ಸಂಕಟ ಎಷ್ಟು ಜನರಿಗಿದೆ ಎಂಬುದು ಯುವಕ ಯುವತಿಯರ ಜೊತೆ ಮಾತಿಗೆ ಕೂತರೆ ತಿಳಿಯುತ್ತದೆ.

ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. “ಅಮ್ಮಾ, ಲಾಸ್ಟ್ ಸೀನ್ ಎಲ್ಲರಿಗೂ ಆಫ್ ಮಾಡಿದ್ದೀನಿ, ನಿನಗೊಬ್ಬಳಿಗೇ ಅಲ್ಲ. ಮೆಸೇಜ್ ನೋಡಿದ ಮೇಲೆ ನಾನೇ ಫೋನ್ ಮಾಡ್ತೀನಿ” ಎಂದರೆ ಸಾಕು. ದೀರ್ಘ ವಿವರಣೆ ಕೊಟ್ಟಷ್ಟೂ ಅನುಮಾನ ಹೆಚ್ಚುತ್ತದೆ.

‘ಗ್ರೂಪ್ಸ್’ ಎಂಬಲ್ಲಿ ನಿಮ್ಮನ್ನು ಗುಂಪಿಗೆ ಯಾರು ಸೇರಿಸಬಹುದು ಎಂಬುದನ್ನೂ ‘ಮೈ ಕಾಂಟ್ಯಾಕ್ಟ್ಸ್’ಗೆ ಇಳಿಸಿ. ಬಡಾವಣೆಯ ಗುಂಪು, ಶಾಲೆಯ ಗುಂಪು, ಮದುವೆಗೆಂದು ಮಾಡಿದ ಗುಂಪು, ಎಲ್ಲ ಕಡೆಯೂ ನಿಮ್ಮ ನಂಬರ್ ಅಪರಿಚಿತರ ಕೈಸೇರುತ್ತದೆ. ಮದುವೆ ಮುಗಿದ ಮೇಲೆ ಆ ಗುಂಪಿನಲ್ಲಿ ಉಳಿಯಲೇಬೇಕೆಂಬ ದಾಕ್ಷಿಣ್ಯ ಬೇಡ. ಹೊರಬಂದರೆ ಈಗ ಅಡ್ಮಿನ್‌ಗಳಿಗಷ್ಟೇ ಸೂಚನೆ ಹೋಗುತ್ತದೆ. ‘ಟು ಸ್ಟೆಪ್ ವೆರಿಫಿಕೇಶನ್’ನಲ್ಲಿ ಆರು ಅಂಕಿಯ ಪಿನ್ ಇಟ್ಟುಕೊಳ್ಳುವುದನ್ನಂತೂ ಇವತ್ತೇ ಮಾಡಿ. ನಿಮ್ಮ ಒಟಿಪಿ ಯಾರಿಗಾದರೂ ಸಿಕ್ಕರೂ ಆ ಪಿನ್ ಇಲ್ಲದೆ ನಿಮ್ಮ ವಾಟ್ಸ್‌ಆ್ಯಪ್ ಅವರ ಫೋನಿನಲ್ಲಿ ತಕ್ಷಣಕ್ಕೆ ತೆರೆಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ‘ಲಿಂಕ್ಡ್ ಡಿವೈಸಸ್’ ತೆಗೆದು ನೋಡಿ. ನಿಮ್ಮದಲ್ಲದ ಕಂಪ್ಯೂಟರ್ ಅಥವಾ ಬ್ರೌಸರ್‌ನ ಹೆಸರು ಅಲ್ಲಿದ್ದರೆ, ನಿಮ್ಮ ಮಾತುಕತೆಯನ್ನೆಲ್ಲ ಬೇರೊಬ್ಬರು ಓದುತ್ತಿದ್ದಾರೆ ಎಂದರ್ಥ. ನೀವು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಇದನ್ನು ಮಾಡುವವರು ಬಹುಪಾಲು ಒಂದೇ ಸೂರಿನಡಿ ಇರುವವರು. ಆ ಹೆಸರನ್ನು ಒತ್ತಿ ‘ಲಾಗ್ ಔಟ್’ ಮಾಡಿದರೆ ಸಂಪರ್ಕ ಕಡಿದುಹೋಗುತ್ತದೆ. ಆದರೆ ಮನೆಯಲ್ಲಿ ಹೊಡೆತ, ಬೆದರಿಕೆ ಇರುವ ಹೆಣ್ಣುಮಕ್ಕಳು ಆತುರಪಡಬಾರದು. ಗುಟ್ಟಾಗಿ ಓದುತ್ತಿದ್ದವರಿಗೆ ಅದು ಒಮ್ಮೆಲೇ ನಿಂತರೆ ಸಿಟ್ಟು ನಿಮ್ಮ ಮೇಲೆ ತಿರುಗಬಹುದು. ಮೊದಲು ಬೇರೆಯವರ ಫೋನಿನಿಂದ 181 ಮಹಿಳಾ ಸಹಾಯವಾಣಿಗೆ ಕರೆಮಾಡಿ ಮಾತಾಡಿ, ಸುರಕ್ಷಿತ ಜಾಗ ನೋಡಿಕೊಂಡು ಆಮೇಲೆ ಮಾಡಿ.

ಜೆರಾಕ್ಸ್ ಅಂಗಡಿಯ ಕಂಪ್ಯೂಟರ್

ನಾವೆಲ್ಲ ಯೋಚಿಸದೆ ಮಾಡುವ ಕೆಲಸವೊಂದಿದೆ: ಪ್ರಿಂಟ್ ಬೇಕೆಂದು ಆಧಾರ್, ಪ್ಯಾನ್, ಅಂಕಪಟ್ಟಿಗಳನ್ನು ಜೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳಿಸುವುದು. ಅಂಗಡಿಯವರು ಒಳ್ಳೆಯವರೇ ಇರಬಹುದು. ಆದರೆ ಆ ಫೈಲ್ ಅವರ ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲಿ ಉಳಿದಿರುತ್ತದೆ, ಅದನ್ನು ನೂರು ಜನ ಮುಟ್ಟುತ್ತಾರೆ. ಪ್ರಿಂಟ್ ಕೈಗೆ ಬಂದ ಮೇಲೆ ನಿಮ್ಮ ಎದುರೇ ಅಳಿಸಲು ಕೇಳಿ, ರಿಸೈಕಲ್ ಬಿನ್‌ನಿಂದಲೂ. ‘ಅಣ್ಣಾ, ಅದನ್ನು ಡಿಲೀಟ್ ಮಾಡಿಬಿಡಿ’ ಎಂದರೆ ಯಾರೂ ಬೇಡ ಅನ್ನುವುದಿಲ್ಲ. ಡೌನ್‌ಲೋಡ್ ಮಾಡಿದ ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ ಸೇರಿದರೆ ಆಯಿತು ಆ ಪಾಸ್‌ವರ್ಡ್. ನಿಮ್ಮನ್ನು ಬಲ್ಲ ಯಾರಾದರೂ ತೆರೆಯಬಹುದು.

ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ‘ಮಾಸ್ಕ್ಡ್ ಆಧಾರ್’ ಸಿಗುತ್ತದೆ. ಅದರಲ್ಲಿ ಹನ್ನೆರಡು ಅಂಕಿಗಳ ಪೈಕಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಲಾಡ್ಜಿಗೆ, ಬಾಡಿಗೆ ಕರಾರಿಗೆ, ಗುರುತು ತೋರಿಸಬೇಕಾದ ಕಡೆಗಳಿಗೆ ಅದನ್ನು ಕೊಡಿ. 2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಸಿಕ್ಕಸಿಕ್ಕಲ್ಲಿ ಆಧಾರ್ ಪ್ರತಿ ಕೊಡಬೇಡಿ, ಮಾಸ್ಕ್ಡ್ ಪ್ರತಿ ಬಳಸಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪಾಗಿ ಅರ್ಥ ಮಾಡಿಕೊಂಡಾರು ಎಂದು ಎರಡೇ ದಿನದಲ್ಲಿ ಕೇಂದ್ರ ಅದನ್ನು ಹಿಂತೆಗೆದುಕೊಂಡಿತು. ಸಲಹೆ ಮಾತ್ರ ಈಗಲೂ ಸರಿಯಾದದ್ದೇ.

ಬೆರಳಚ್ಚಿನ ವಿಷಯ ಇನ್ನೂ ಗಂಭೀರ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಗಳಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಹೋದ ಪ್ರಕರಣಗಳು ವರದಿಯಾದವು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿದ್ದರು. ಎಂಆಧಾರ್ ಆ್ಯಪ್‌ನಲ್ಲಿ ‘ಬಯೋಮೆಟ್ರಿಕ್ ಲಾಕ್’ ಮಾಡಿಟ್ಟರೆ ಈ ದಾರಿ ಮುಚ್ಚುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಪಡಿತರ ತರುವವರು ಹೋಗುವ ಮುಂಚೆ ಅದನ್ನು ತಾತ್ಕಾಲಿಕವಾಗಿ ತೆಗೆಯಬೇಕಾಗುತ್ತದೆ ಎಂಬುದು ನೆನಪಿರಲಿ. ಕೆಲವು ನಿಮಿಷದಲ್ಲಿ ಅದು ತಾನೇ ಮತ್ತೆ ಲಾಕ್ ಆಗುತ್ತದೆ.

ಬಿಲ್ಲಿಂಗ್ ಕೌಂಟರಿನಲ್ಲಿ ಮೊಬೈಲ್ ನಂಬರ್ ಕೇಳಿದರೆ ‘ಬೇಡ’ ಎನ್ನಬಹುದು. ನಂಬರ್ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬಾರದೆಂದು 2023ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ತಿಳಿಸಿದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಸರ್ಕಾರದ ‘ಸಂಚಾರ್ ಸಾಥಿ’ ವೆಬ್‌ಸೈಟಿನಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲಿಯೇ ವರದಿ ಮಾಡಬಹುದು.

ಆ್ಯಪ್‌ಗಳ ಅನುಮತಿ ಮತ್ತು ಹೊಸ ಕಾನೂನು

ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ’, ಅದರೊಳಗೆ ‘ಪರ್ಮಿಶನ್ ಮ್ಯಾನೇಜರ್’. ಕಾಂಟ್ಯಾಕ್ಟ್ಸ್, ಲೊಕೇಶನ್, ಮೈಕ್ ಈ ಮೂರನ್ನು ತೆಗೆದು ಯಾವ ಯಾವ ಆ್ಯಪ್‌ಗೆ ಕೊಟ್ಟಿದ್ದೀರಿ ನೋಡಿ. ಆಟದ ಆ್ಯಪ್‌ಗೆ ನಿಮ್ಮ ಫೋನ್‌ಬುಕ್ ಏಕೆ? ತೆಗೆದುಹಾಕಿ. ಆ್ಯಪ್ ಕೆಲಸ ಮಾಡದಿದ್ದರೆ ಅದೇ ಮತ್ತೆ ಕೇಳುತ್ತದೆ. ಲೊಕೇಶನ್ ಅನ್ನು ‘ಆ್ಯಪ್ ಬಳಸುವಾಗ ಮಾತ್ರ’ ಎಂದಿಡಿ. ಹವಾಮಾನದ ಆ್ಯಪ್‌ಗೆ ಊರು ಗೊತ್ತಾದರೆ ಸಾಕು, ಬೀದಿ ಗೊತ್ತಾಗಬೇಕಿಲ್ಲ; ‘ಪ್ರಿಸೈಸ್ ಲೊಕೇಶನ್’ ಆಫ್ ಮಾಡಿ.

ಸಾಲದ ಆ್ಯಪ್‌ಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಐದು ಸಾವಿರ ಸಾಲ ಕೊಟ್ಟು, ಫೋನಿನಲ್ಲಿರುವ ನಂಬರ್‌ಗಳನ್ನೆಲ್ಲ ಎಳೆದುಕೊಂಡು, ತಿರುಚಿದ ಫೋಟೊಗಳನ್ನು ಬಂಧುಗಳಿಗೆ ಕಳಿಸಿ ಸುಲಿಯುವವರಿದ್ದಾರೆ. ರಿಸರ್ವ್ ಬ್ಯಾಂಕ್ 2022ರ ನಿಯಮಗಳಲ್ಲಿ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ, ಕಾಲ್ ಲಾಗ್, ಫೋಟೊ ಸಂಗ್ರಹಗಳಿಗೆ ಕೈಹಾಕುವಂತಿಲ್ಲ ಎಂದಿದೆ. ಹಾಗೆ ಕೇಳುವ ಆ್ಯಪ್ ಎಷ್ಟೇ ಸಲೀಸಾಗಿ ಹಣ ಕೊಟ್ಟರೂ ಅದನ್ನು ಇನ್‌ಸ್ಟಾಲ್ ಮಾಡಬೇಡಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಯಾಗಲು ಹದಿನೆಂಟು ತಿಂಗಳ ಕಾಲಾವಕಾಶವಿದೆ. ಆ ಕಾಯ್ದೆಯಲ್ಲಿ ನಮಗೆ ಬಹಳ ಬೇಕಾದ ಒಂದು ಮಾತಿದೆ. ನಿಮ್ಮ ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಇರಬೇಕು. ಅರ್ಥವಾಗದ ಪುಟಗಳ ಕೆಳಗೆ ‘ಐ ಅಗ್ರೀ’ ಒತ್ತಿ ಒತ್ತಿ ರೂಢಿಯಾಗಿರುವ ನಾವು ಕನ್ನಡದ ಸೂಚನೆಯನ್ನು ಕೇಳಿ ಪಡೆಯುವುದನ್ನು ಕಲಿಯಬೇಕು. ಕೇಳುವವರಿಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಮರ್ಯಾದೆಗೆ ಅಂಜುವವರ ಬೆನ್ನು ಹತ್ತುವವರು

ಗೊತ್ತಿಲ್ಲದ ನಂಬರಿನಿಂದ ವಿಡಿಯೊ ಕಾಲ್ ಬರುತ್ತದೆ. ಆ ಕಡೆ ನಗ್ನ ದೃಶ್ಯ. ಗಾಬರಿಯಾಗಿ ಕತ್ತರಿಸುವಷ್ಟರಲ್ಲಿ ನಿಮ್ಮ ಮುಖದ ಜೊತೆ ಅದು ರೆಕಾರ್ಡ್ ಆಗಿರುತ್ತದೆ. ‘ನಿನ್ನ ಬಂಧುಗಳಿಗೆಲ್ಲ ಕಳಿಸುತ್ತೇವೆ’ ಎಂಬ ಬೆದರಿಕೆ, ಹಣದ ಬೇಡಿಕೆ. ಕಾಲೇಜು ಹುಡುಗರಿಂದ ಹಿಡಿದು ನಿವೃತ್ತರವರೆಗೂ ಇದಕ್ಕೆ ಸಿಕ್ಕಿದವರಿದ್ದಾರೆ. ಪೊಲೀಸ್ ಸಮವಸ್ತ್ರದಲ್ಲಿ ಕ್ಯಾಮೆರಾ ಮುಂದೆ ಕೂತು ‘ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಯಾರಿಗೂ ಹೇಳಬೇಡಿ’ ಎನ್ನುವವರದೂ ಇದೇ ಸೂತ್ರ. ವಿಡಿಯೊ ಕಾಲಿನಲ್ಲಿ ಬಂಧಿಸುವ ಯಾವ ಕಾನೂನೂ ಭಾರತದಲ್ಲಿಲ್ಲ. ಎರಡರಲ್ಲೂ ಅವರು ದುಡ್ಡು ಮಾಡಿಕೊಳ್ಳುವುದು ಆ ‘ಯಾರಿಗೂ ಹೇಳಬೇಡಿ’ ಎಂಬ ಮಾತಿನಿಂದಲೇ.

ಆದ್ದರಿಂದ ಮೊದಲ ಹೆಜ್ಜೆ ಒಬ್ಬರಿಗಾದರೂ ಹೇಳುವುದು: ಅಣ್ಣ, ಅಕ್ಕ, ಗೆಳತಿ, ಪಕ್ಕದ ಮನೆಯವರು, ಯಾರಾದರೂ ಸರಿ. ಹೇಳಿದ ಕೂಡಲೇ ಅರ್ಧ ಭಯ ಇಳಿಯುತ್ತದೆ. ದುಡ್ಡು ಕೊಡಬೇಡಿ, ಒಮ್ಮೆ ಕೊಟ್ಟವರನ್ನು ಅವರು ಮತ್ತೆ ಮತ್ತೆ ಕಾಡುತ್ತಾರೆ. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ; ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಂಗಸರು, ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಖಾಸಗಿ ಚಿತ್ರ ಹರಡುವ ಭಯವಿದ್ದರೆ ‘ಸ್ಟಾಪ್ ಎನ್‌ಸಿಐಐ’ ಎಂಬ ಉಚಿತ ಸೇವೆ ಇದೆ. ನಿಮ್ಮ ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ಅದರಿಂದ ಮಾಡಿದ ಒಂದು ಸಂಕೇತ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗಿ, ಅದೇ ಚಿತ್ರ ಅಪ್‌ಲೋಡ್ ಆದರೆ ಗುರುತಿಸಿ ತಡೆಯಲು ನೆರವಾಗುತ್ತದೆ. ಹದಿನೆಂಟರ ಒಳಗಿನವರಿಗೆ ‘ಟೇಕ್ ಇಟ್ ಡೌನ್’ ಎಂಬ ಪ್ರತ್ಯೇಕ ಸೇವೆಯಿದೆ. ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ತೆಗೆಯುವುದೂ ಹಂಚುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ತಪ್ಪು ಅವರದು. ದೂರು ಕೊಡುವವರು ತಲೆತಗ್ಗಿಸಬೇಕಾಗಿಲ್ಲ.

ಮನೆಯ ಹಿರಿಯರಲ್ಲೂ ನನ್ನದೊಂದು ಕೋರಿಕೆ. ಮಗನೋ ಮಗಳೋ ಇಂಥ ಸುದ್ದಿ ಹೇಳಿಕೊಂಡು ಬಂದಾಗ ‘ಆ ಕಾಲ್ ಯಾಕೆ ಎತ್ತಿದೆ?’ ಎಂದು ಶುರುಮಾಡಬೇಡಿ. ಆ ಒಂದು ಪ್ರಶ್ನೆಯ ಹೆದರಿಕೆಯಿಂದಲೇ ಮಕ್ಕಳು ಹೇಳದೆ ಉಳಿಯುತ್ತಾರೆ, ಕೆಲವರು ಜೀವಕ್ಕೇ ಎರವಾಗುತ್ತಾರೆ.

ಲೈಕ್‌ಗಳ ಲೆಕ್ಕ ಬಿಟ್ಟು

ಹೊರಗಿನವರ ಕಣ್ಣು ತಪ್ಪಿಸುವುದು ಸುಲಭ. ನಮ್ಮೊಳಗೇ ಕೂತು ನಮ್ಮನ್ನು ಇನ್ನೊಬ್ಬರ ಜೊತೆ ತೂಗುವ ಕಣ್ಣಿಗೆ ಏನು ಮಾಡುವುದು? ಕಸಿನ್‌ನ ವಿದೇಶ ಪ್ರವಾಸ, ಸಹಪಾಠಿಯ ಹೊಸ ಮನೆಯ ಗೃಹಪ್ರವೇಶ, ಯಾರದೋ ಫಿಲ್ಟರ್ ಹಾಕಿದ ಮುಖ. ಇವನ್ನೆಲ್ಲ ಮಲಗುವ ಮುನ್ನ ಸಾಲಾಗಿ ನೋಡಿ ಎದ್ದವರಿಗೆ ಬೆಳಗ್ಗೆ ಕನ್ನಡಿಯಲ್ಲಿ ತಮ್ಮ ಮುಖ ಹಿಡಿಸದಿದ್ದರೆ ಆಶ್ಚರ್ಯವಿಲ್ಲ.

ಇಲ್ಲೂ ಕೆಲವು ಗುಂಡಿಗಳು ನೆರವಾಗುತ್ತವೆ. ಇನ್‌ಸ್ಟಾಗ್ರಾಂನಲ್ಲಿ 2021ರಿಂದಲೂ ಲೈಕ್ ಸಂಖ್ಯೆಯನ್ನು ಮರೆಮಾಡುವ ಆಯ್ಕೆಯಿದೆ. ನಿಮ್ಮ ಪೋಸ್ಟಿನದನ್ನೂ, ನೀವು ನೋಡುವ ಇತರರ ಪೋಸ್ಟಿನದನ್ನೂ ಮರೆಮಾಡಬಹುದು. ನೋಡಿದಾಗಲೆಲ್ಲ ಮನಸ್ಸು ಕುಗ್ಗಿಸುವವರ ಖಾತೆಯನ್ನು ‘ಮ್ಯೂಟ್’ ಮಾಡಿ. ಅವರಿಗೆ ತಿಳಿಯುವುದಿಲ್ಲ, ಸಂಬಂಧವೂ ಕೆಡುವುದಿಲ್ಲ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿದರೆ ಮುಖಪುಟದಲ್ಲಿ ಶಿಫಾರಸಿನ ವಿಡಿಯೊಗಳ ಸಾಲು ನಿಲ್ಲುತ್ತದೆ. ಬೇಕಾದ್ದನ್ನು ಹುಡುಕಿ ನೋಡಿ ಹೊರಬರಬಹುದು. ಗೂಗಲ್‌ನ ‘ಮೈ ಆ್ಯಕ್ಟಿವಿಟಿ’ಯಲ್ಲಿ ನಿಮ್ಮ ಹುಡುಕಾಟಗಳು ಮೂರು ತಿಂಗಳಿಗೆ ತಾವಾಗಿ ಅಳಿಯುವಂತೆ ಇಡಿ.

ಆದರೂ ಗುಂಡಿಗಳಿಂದಾಗದ ಒಂದು ಕೆಲಸವಿದೆ. ಯಾರಿಗೂ ತೋರಿಸದೆ ಖುಷಿಪಡುವುದನ್ನು ನಾವು ಮತ್ತೆ ರೂಢಿ ಮಾಡಿಕೊಳ್ಳಬೇಕು. ಹೊಸ ಸೀರೆ ಉಟ್ಟ ದಿನ ಫೋಟೊ ಹಾಕದಿರಿ. ಹಾಡಲು ಬಾರದಿದ್ದರೂ ಅಡುಗೆ ಮಾಡುತ್ತಾ ಹಾಡಿಕೊಳ್ಳಿ. ಮನಸ್ಸಿನಲ್ಲಿದ್ದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಚೆನ್ನಾಗಿ ಬರೆಯಬೇಕೆಂದೇನಿಲ್ಲ. ಮೊದಮೊದಲು ಏನೋ ಕಳೆದುಕೊಂಡಂತೆ ಕೈ ಫೋನಿನತ್ತ ಹೋಗುತ್ತದೆ, ಹೋಗಲಿ. ಮೆಚ್ಚುವವರೂ ಬೈಯುವವರೂ ಇಲ್ಲದ ಆ ಹೊತ್ತಿನಲ್ಲಿ ನಮಗೆ ನಿಜವಾಗಿ ಏನಿಷ್ಟ ಎಂಬುದು ತಿಳಿಯುತ್ತದೆ. ಖಾಸಗಿತನವನ್ನು ಕಾಪಾಡಿಕೊಳ್ಳಬೇಕೆಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿಯೇ.

ಕೈ ಬಿಡಲಾಗದಷ್ಟು ಫೋನ್ ಅಂಟಿಕೊಂಡಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ಇದೆ. ದೂರದವರು ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳದೂ ಹಿರಿಯರದೂ

ಮಗುವಿನ ಫೋಟೊ ಹಾಕುವ ಮುನ್ನ ಮಗುವನ್ನು ಕೇಳಿ. ನಾಲ್ಕನೇ ತರಗತಿಯ ಹುಡುಗಿಗೂ ತನ್ನ ಅಳುವ ಮುಖ ಕುಟುಂಬದ ಗುಂಪಿನಲ್ಲಿ ಓಡಾಡುವುದು ಇಷ್ಟವಾಗುವುದಿಲ್ಲ. ಶಾಲೆಯ ಬ್ಯಾಡ್ಜ್, ಬಸ್ಸಿನ ನಂಬರ್, ಮನೆಯ ಗೇಟು ಚಿತ್ರದಲ್ಲಿ ಬಾರದಂತೆ ಕತ್ತರಿಸಿ. ‘ಬೇಡಮ್ಮಾ’ ಎಂದ ಮಗುವಿನ ಮಾತು ಮನೆಯಲ್ಲಿ ನಡೆದರೆ, ನಾಳೆ ಹೊರಗಿನವರಿಗೆ ಬೇಡವೆನ್ನಲು ಅದಕ್ಕೆ ಬಾಯಿ ಬರುತ್ತದೆ.

ಅಪ್ಪ ಅಮ್ಮನ ಫೋನಿನಲ್ಲೂ ಇದೆಲ್ಲವನ್ನು ಮಾಡಿಕೊಡಬೇಕು. ಫೋನ್ ಕಸಿದುಕೊಂಡು ಗಡಿಬಿಡಿಯಲ್ಲಿ ಮುಗಿಸಬೇಡಿ. ಪಕ್ಕದಲ್ಲಿ ಕೂತು ಒಂದೊಂದನ್ನೂ ಏಕೆಂದು ಹೇಳಿ, ಒಪ್ಪಿದ್ದನ್ನು ಮಾತ್ರ ಬದಲಿಸಿ, ಅವರ ಮೆಸೇಜ್‌ಗಳನ್ನು ಓದಬೇಡಿ. ಪಿನ್ ಅವರೇ ಒತ್ತಲಿ, ಮರೆತುಹೋದೀತೆಂಬ ಭಯವಿದ್ದರೆ ಬರೆದು ಬೀರುವಿನಲ್ಲಿ ಇಟ್ಟುಕೊಳ್ಳಲಿ. ಏಳುವ ಮುಂಚೆ 1930 ಮತ್ತು 14416 ಈ ಎರಡನ್ನೂ ಅವರಿಗೆ ತಿಳಿಯುವ ಹೆಸರಿನಲ್ಲಿ, ಕನ್ನಡದಲ್ಲಿ, ಸೇವ್ ಮಾಡಿಕೊಡಿ.